ಅಕ್ಕ ಇಳಿಯುವ ಜಾಗ

ಅಕ್ಕನ ಮಂಡಿ ಹೋದದ್ದು ನನ್ನ ಬಾಯಿಂದ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ಅದನ್ನೂ ನಾಟಕ ಎಂದುಕೊಳ್ಳುತ್ತೀರಿ. ನಮ್ಮೂರು ಶೀಳನೆರೆಯಲ್ಲಿ ನಾನು ಅಣಕಿಸದ ದನಿಯಿರಲಿಲ್ಲ. ಹಾಲಿಗೆ ನೀರು ಬೆರೆಸಿದ್ದೀರಿ ಎಂದು ಮೂಗಿನಲ್ಲೇ ರೇಗುವ ಡೇರಿ ಸೆಕ್ರೆಟರಿ, ಸಂತೆಯಿಂದ ಬರುವ ಕಂಡಕ್ಟರ್, ಹುಡುಗಿಯರ ಎದುರು ಗಂಟಲು ದಪ್ಪ ಮಾಡಿಕೊಳ್ಳುವ ನಾನು, ಎಲ್ಲರೂ ನನ್ನ ಬಾಯಲ್ಲಿದ್ದರು.

ಹುಲ್ಲಿನ ಮೆದೆಯಿಂದ ಲಾಗ ಹಾಕುತ್ತಿದ್ದ ಅಕ್ಕ ಜಿಮ್ನಾಸ್ಟಿಕ್ಸ್‌ನಲ್ಲಿ ದೇಶದ ತಂಡದವರೆಗೆ ಹೋಗಿದ್ದಳು. ಆ ಸಲ ದೊಡ್ಡ ಪಂದ್ಯದ ಆಯ್ಕೆಗೆ ಮುಂಚೆ ಹತ್ತು ದಿನ ಊರಿಗೆ ಬಂದಳು. ಅಭ್ಯಾಸಕ್ಕೆ ಪಾಂಡವಪುರದಲ್ಲಿ ಅವಳ ಹಳೆಯ ಕೋಚ್ ಅವರ ಶೆಡ್ಡಿತ್ತು. ಬೈಕಿನಲ್ಲಿ ಕರೆದೊಯ್ದು, ಅವಳು ಇಳಿಯುವ ಜಾಗಕ್ಕೆ ದಪ್ಪ ಮ್ಯಾಟು ಎಳೆದು ಹಾಕುವುದು ನನ್ನ ಕೆಲಸ. ಕೋಚ್ ಅದನ್ನು ಕಾಲಿಂದ ತುಳಿದು ನೋಡಿ, ಗೊಗ್ಗರು ಗಂಟಲಲ್ಲಿ "ಬಾರವ್ವಾ, ಬಾರವ್ವಾ" ಎನ್ನುತ್ತಿದ್ದರು. ಆಗಲೇ ಅವಳ ಓಟ. ಅವಳು ಕೈಯೂರಿ ಹಾರುವ ಎತ್ತರದ ಮೇಜು ಅಡ್ಡವಿದ್ದುದರಿಂದ ಆಚೆಯ ನೆಲ ಅವಳಿಗೆ ಕಾಣುತ್ತಿರಲಿಲ್ಲ.

ಅವತ್ತು ಕೋಚ್ ಫೋನು ಹಿಡಿದು ಹೊರಗೆ ಹೋದರು. ನಾನು ಮ್ಯಾಟು ಪಕ್ಕಕ್ಕೆಳೆದು, ಮೇಜಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಅಕ್ಕ ಕೈಗೆ ಹಚ್ಚಿಕೊಳ್ಳುವ ಸೀಮೆಸುಣ್ಣದ ಪುಡಿ ಗುಡಿಸುತ್ತಿದ್ದೆ. ಬಾಯಿ ಸುಮ್ಮನಿರಬೇಕಲ್ಲ. "ಬಾರವ್ವಾ" ಎಂದೆ, ಥೇಟ್ ಅವರಂತೆಯೇ. ಬೈಯುತ್ತಾಳೆ, ನಗೋಣ ಎಂದುಕೊಂಡಿದ್ದೆ. ಹೆಜ್ಜೆ ಸದ್ದು ಕೇಳಿತು. ಪೊರಕೆ ಎಸೆದು ಮ್ಯಾಟಿಗೆ ಕೈ ಹಾಕಿದೆ. ಅದು ಮೊಳದಷ್ಟೂ ಜರುಗಲಿಲ್ಲ. ಅಕ್ಕ ಗಾಳಿಯಲ್ಲಿ ಸುತ್ತಿ ಬರಿಯ ಗಾರೆಯ ಮೇಲೆ ಇಳಿದಳು.

ಆಪರೇಷನ್ ಆಯಿತು. ಆಯ್ಕೆ ಅವಳಿಲ್ಲದೆ ಮುಗಿಯಿತು. ಮಂಡಿ ಮತ್ತೆ ಪೂರ್ತಿ ಮಡಚಲೇ ಇಲ್ಲ. ಕೇಳಿದವರಿಗೆಲ್ಲ, ಕೋಚ್‌ಗೂ, "ಮ್ಯಾಟು ಐತಾ ಅಂತ ನೋಡ್ದೇನೇ ಓಡ್ಬುಟ್ಟೆ" ಎಂದಳು. ನಾನು ಬಾಯಿ ಬಿಡಲಿಲ್ಲ. ಅಣಕಿಸುವುದನ್ನು ಮಾತ್ರ ಬಿಟ್ಟೆ.

ಮೊನ್ನೆ ಕರಿಘಟ್ಟದ ದೇವಸ್ಥಾನದ ಮೆಟ್ಟಿಲು ಹತ್ತುವಾಗ ಅಕ್ಕ ಅರ್ಧಕ್ಕೇ ಕೂತು ಮಂಡಿ ನೀವಿಕೊಂಡಳು. ಮೂರು ವರ್ಷದಿಂದ ನಾನು ನುಂಗಿಕೊಂಡಿದ್ದದ್ದು ಆಚೆ ಬಂತು.

"ಅಕ್ಕ, ಅವತ್ತು ಕರ್ದಿದ್ದು ಸಾರ್ ಅಲ್ಲ ಕಣಕ್ಕ. ನಾನು."

"ಓಹೋ, ಮಹಾ ಕಲಾವಿದ! ಸಾರ್ ಯಾವತ್ತೂ ಎರಡು ಸಲ ಕರೀತಾರೆ. ನೀನು ಒಂದೇ ಸಲ ಕರ್ದೆ. ಆಗ್ಲೇ ಗೊತ್ತಾಯ್ತು ಕಣ್ಲಾ."

"ಗೊತ್ತಿದ್ದೂ ಯಾಕಕ್ಕ ಓಡ್ದೆ?"

"ನನ್ ತಮ್ಮ ಕರೀತಾವ್ನೆ ಅಂದ್ರೆ ಮ್ಯಾಟು ಹಾಕೇ ಇರ್ತಾನೆ ಅಂತ ಕಣ್ಲಾ."