ಪರಿಮಳಕ್ಕೆ ಒಪ್ಪಿಗೆ ಕೊಡುವಾಕೆ

ಬೆಳಗಿನ ಆರು ಗಂಟೆ. ಕುಂಬಾರಕೊಪ್ಪಲಿನ ಊದುಬತ್ತಿ ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ದಿಲ್ಮಾಯಾ ಗುರುಂಗ್ ಫ್ಯಾನ್ ಆರಿಸಿ, ಬಾಗಿಲು ಹಾಕಿ, ಒಂದು ಬತ್ತಿ ಹಚ್ಚುತ್ತಾರೆ. ಕಣ್ಣು ಮುಚ್ಚಿ ಹೊಗೆ ಮೂಸುತ್ತಾರೆ. ಆಮೇಲೆ ತಮ್ಮದೇ ಸೆರಗನ್ನು ಮೂಸುತ್ತಾರೆ. ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನನಗೆ ನಗು ತಡೆಯಲಾಗುವುದಿಲ್ಲ.

"ನಗ್ಬೇಡಿ ಮೇಡಂ, ಮುಂದಿನ ಬತ್ತಿಗೆ ಮೂಗು ತೊಳ್ಕೋಬೇಕಲ್ಲ!"

ದಿನಕ್ಕೆ ಅರವತ್ತು ಕಟ್ಟು. ಇವರು 'ಹೂಂ' ಅಂದರಷ್ಟೇ ಪ್ಯಾಕಿಂಗ್‌ಗೆ. ಅದಕ್ಕಾಗಿ ಬೆಳಿಗ್ಗೆ ಕಾಫಿ ಇಲ್ಲ, ಮುಡಿಗೆ ಹೂವಿಲ್ಲ, ಈರುಳ್ಳಿ ಬೆಳ್ಳುಳ್ಳಿಯಂತೂ ಇಲ್ಲವೇ ಇಲ್ಲ. ಮಧ್ಯಾಹ್ನ ಉಳಿದ ಹೆಂಗಸರು ಒಟ್ಟಿಗೆ ಡಬ್ಬಿ ಬಿಚ್ಚಿದರೆ, ಇವರು ಈ ಕೋಣೆಯಲ್ಲೇ ಒಬ್ಬರೇ ಊಟ ಮಾಡುತ್ತಾರೆ. ಮನೆಗೆ ಹೋದರೂ ಒಬ್ಬರೇ. ನೇಪಾಳದಿಂದ ಕಾವಲು ಕೆಲಸಕ್ಕೆ ಬಂದ ಅಪ್ಪನ ಜೊತೆ ಮೈಸೂರಿಗೆ ಕಾಲಿಟ್ಟಾಗ ಇವರಿಗೆ ಆರು ವರ್ಷ. ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲೇ ಎಸ್ಸೆಸ್ಸೆಲ್ಸಿ ಪಾಸು. ಈಗ ನಲವತ್ತೆರಡು. ಅಪ್ಪ ಅಮ್ಮ ಇಬ್ಬರೂ ಇಲ್ಲ.

ಈ ಕೋಣೆಯಲ್ಲಿ ಹತ್ತೊಂಬತ್ತು ವರ್ಷ. ಅಷ್ಟರಲ್ಲಿ ಸೂಪರ್‌ವೈಸರ್ ಹುದ್ದೆ ಮೂರು ಸಲ ಖಾಲಿಯಾಗಿದೆ. ಮೂರು ಸಲವೂ ಸಿಕ್ಕಿದ್ದು ಇವರ ಕೈಕೆಳಗೆ ಕೆಲಸ ಕಲಿತವರಿಗೆ. ಯಾಕೆ ಹೀಗೆ ಅಂತ ಮ್ಯಾನೇಜರ್ ಯೋಗೇಂದ್ರ ಅವರನ್ನೇ ಕೇಳುತ್ತೇನೆ.

"ಕೆಲಸದಲ್ಲಿ ಅವರನ್ನ ಮೀರ್ಸೋರಿಲ್ಲ ಕಣ್ರೀ. ಆದ್ರೆ ನಮ್ ಕಡೆಯವರಾದ್ರೆ ಹೊಂದಾಣಿಕೆ. ಇವ್ರು ನಾಳೆ ಊರಿಗೆ ಹೊರಟ್ಬುಟ್ರೆ?"

ಮೂವತ್ತಾರು ವರ್ಷದಿಂದ ಹೊರಡದವರು ನಾಳೆ ಯಾಕೆ ಹೊರಡುತ್ತಾರೆ ಸ್ವಾಮಿ, ಎನ್ನುತ್ತೇನೆ. ಯೋಗೇಂದ್ರ ನನಗೆ ಕಾಫಿ ತರಿಸುತ್ತಾರೆ.

ಈ ಮೂರನೇ ಸಲ ಹುದ್ದೆ ಸಿಕ್ಕಿದ್ದು ವರ್ಷಿಣಿಗೆ. ಒಳ್ಳೆಯ ಹುಡುಗಿಯೇ. ದಿಲ್ಮಾಯಾ ರಜೆಯಲ್ಲಿದ್ದ ಒಂದು ಶುಕ್ರವಾರ ಅವಳು ಮೊಳ ಮಲ್ಲಿಗೆ ಮುಡಿದು ಬಂದು, ಮಲ್ಲಿಗೆ ಬತ್ತಿ ಹಚ್ಚಿ, 'ಘಮ ಅಂತಿದೆ' ಎಂದು ಪ್ಯಾಕಿಂಗ್‌ಗೆ ಕಳಿಸಿಬಿಟ್ಟಳು. ಘಮ ಎನ್ನುತ್ತಿದ್ದದ್ದು ಅವಳ ಜಡೆ! ಮರುದಿನ ಲಾರಿಗೆ ತುಂಬುವಾಗ ದಿಲ್ಮಾಯಾ ಒಂದು ಬತ್ತಿ ಹಚ್ಚಿ ನೋಡಿ, ಅಷ್ಟನ್ನೂ ಇಳಿಸಿದರು. ಯಾರಿಗೂ ದೂರು ಹೇಳಲಿಲ್ಲ. ಈ ಕಥೆ ನನಗೆ ಹೇಳಿದ್ದೂ ವರ್ಷಿಣಿಯೇ, ಕಣ್ಣೊರೆಸಿಕೊಂಡು.

"ಸುಮ್ನಿದ್ದಿದ್ರೆ ನಿಮಗೇ ಒಳ್ಳೇದಾಗ್ತಿತ್ತಲ್ಲ?" ಎಂದು ದಿಲ್ಮಾಯಾ ಅವರನ್ನು ಕೇಳುತ್ತೇನೆ.

"ಆಗ್ತಿತ್ತೇನೋ ಮೇಡಂ. ಆದ್ರೆ ದೇವರ ಮುಂದೆ ಹಚ್ಚೋರು ಏನ್ ತಪ್ಪು ಮಾಡಿದ್ರು? ಆ ಹುಡುಗಿಗೆ ಕಲ್ಸಿದ್ದೂ ನಾನೇ ಅಲ್ವಾ."

ತಮಗೇಕೆ ಹುದ್ದೆ ಇಲ್ಲವೆಂದು ಕಾರಣ ಕೇಳಿ ಎರಡು ತಿಂಗಳ ಹಿಂದೆ ಮಾಲೀಕರಿಗೆ ಅಚ್ಚಗನ್ನಡದಲ್ಲಿ ಅರ್ಜಿ ಬರೆದಿದ್ದಾರೆ. ಉತ್ತರ ಬಂದಿಲ್ಲ. ಊರಿಗೆ ಹೋಗುವ ಮನಸ್ಸಿದೆಯಾ ಎಂದು ನಾನೂ ಬಾಯಿತಪ್ಪಿ ಕೇಳಿಬಿಡುತ್ತೇನೆ. ಅವರು ಕೋಪ ಮಾಡಿಕೊಳ್ಳುವುದಿಲ್ಲ.

"ಅಪ್ಪ ಸತ್ತಾಗ ಒಂದ್ಸಲ ಹೋಗಿದ್ದೆ ಮೇಡಂ. ಅಲ್ಲಿ ಎಲ್ಲಾರೂ 'ಮೈಸೂರಿನೋಳು ಬಂದ್ಲು' ಅಂದ್ರು. ಇಲ್ಲೂ ಯಾರಾದ್ರೂ ಒಂದ್ಸಲ ಹಂಗೆ ಅಂದ್ರೆ ಸಾಕು."