ಗಿನಿ ಹಂದಿಯ ಬಾಣಂತನ

ನಮ್ಮ ಮನೆಯಲ್ಲಿ ಗಿನಿ ಹಂದಿಯನ್ನು ಮೊಲ ಅಂತಲೇ ಕರೆಯಬೇಕಿತ್ತು. ಹಂದಿ ಅನ್ನುವ ಶಬ್ದ ದೇವರ ಮನೆಯ ತನಕ ಕೇಳಬಾರದು ಅನ್ನುವುದು ನನ್ನ ಅತ್ತೆಯ ಕಟ್ಟಪ್ಪಣೆ. ಮಗಳು ಹಟ ಹಿಡಿದಳೆಂದು ನನ್ನ ಗಂಡ ಹೊನ್ನಾಳಿಯ ಪರಿಚಯದವರ ಮನೆಯಿಂದ ಒಂದು ಜೋಡಿ ತಂದಿದ್ದರು. ಏನಾದರೂ ಕರೆದುಕೊಳ್ಳಲಿ, ನನ್ನ ಗಂಟೇನು ಹೋಗಬೇಕು ಅಂತ ಸುಮ್ಮನಿದ್ದೆ.

ಒಂದು ಬೆಳಿಗ್ಗೆ ನೋಡಿದರೆ ಹೆಣ್ಣು ಎರಡು ಮರಿ ಹಾಕಿತ್ತು. ಮೈತುಂಬ ಕೂದಲು, ಕಣ್ಣು ಬಿಟ್ಟುಕೊಂಡೇ ಹುಟ್ಟಿದ್ದವು. ನನ್ನ ಗಂಡ ನಗುತ್ತ ಒಳಗೆ ಕೂಗಿದರು: "ಅವ್ವಾ, ನಿನ್ನ ಮೊಲ ಬಾಣಂತಿ ಆಗೈತೆ, ಬಂದು ನೋಡು." ಆ ಒಂದು ಶಬ್ದವೇ ಎಲ್ಲವನ್ನೂ ಕೆಡಿಸಿತು.

ಬಾಣಂತಿ ಅಂದರೆ ನಮ್ಮತ್ತೆಗೆ ಪಥ್ಯ. ಪಥ್ಯ ಅಂದರೆ ಸೊಪ್ಪಿಲ್ಲ, ಹಣ್ಣಿಲ್ಲ, ನೀರೂ ಗುಟುಕು ಗುಟುಕು. ನನಗದು ಚೆನ್ನಾಗಿ ಗೊತ್ತು. ಜಗಳೂರಿನ ತವರಿನಲ್ಲಿ ಅವ್ವ ಇಲ್ಲದ್ದರಿಂದ ನನ್ನ ಬಾಣಂತನ ಚನ್ನಗಿರಿಯ ಈ ಮನೆಯಲ್ಲೇ ಆಯಿತು. ಮೆಣಸಿನ ಸಾರು, ಅನ್ನ, ಒಣ ಬ್ರೆಡ್ಡು. ಹಲ್ಲುಜ್ಜಿದರೆ ಒಸಡಿನಿಂದ ರಕ್ತ ಬರುತ್ತಿತ್ತು. ಹಿತ್ತಲಿನಲ್ಲಿ ಪೇರಲ ಹಣ್ಣು ಉದುರಿ ಬೀಳುತ್ತಿದ್ದವು. ಒಂದು ಚೂರು ಕೇಳಿದ್ದಕ್ಕೆ ಅತ್ತೆ, "ಥಂಡಿ ಆಗ್ತೈತೆ. ಬಾಯಿ ಚಪಲಕ್ಕೆ ಕೂಸು ಕಳ್ಕಂತೀಯೇನು?" ಅಂದಿದ್ದರು. ಆ ಮಾತನ್ನು ನಾನು ಮರೆತಿಲ್ಲ. ಮರೆಯುವ ಜಾಯಮಾನ ನನ್ನದಲ್ಲ.

ನಾನು ಟೀಚರು. ದಿನಾ ಶಾಲೆಗೆ ಹೊರಡುವ ಮುಂಚೆ ಗೂಡಿಗೆ ಹಸಿ ಹುಲ್ಲು, ಕೊತ್ತಂಬರಿ ಸೊಪ್ಪು, ಪೇರಲದ ಹೋಳು ಹಾಕುತ್ತಿದ್ದೆ. ಸಂಜೆ ಬಂದರೆ ಗೂಡು ಖಾಲಿ. ಎಲ್ಲಾ ತಿಂದಿವೆ ಅಂತ ಖುಷಿಪಡುತ್ತಿದ್ದೆ. ಕೆಲವು ವಾರಗಳಾಗುವಷ್ಟರಲ್ಲಿ ಚಿಕ್ಕ ಮರಿ ನಡೆಯದಾಯಿತು. ಹಿಂಗಾಲಿನ ಕೀಲು ಊದಿತ್ತು, ಮುಟ್ಟಿದರೆ ಚೀರುತ್ತಿತ್ತು. ತುಟಿ ಸರಿಸಿ ನೋಡಿದೆ. ಒಸಡಿನಲ್ಲಿ ರಕ್ತ.

ದನದ ಆಸ್ಪತ್ರೆಗೆ ಮರಿಗಳನ್ನು ಒಯ್ದೆವು. ಡಾಕ್ಟರು ಅಂಗೈ ಮೇಲಿಟ್ಟು ನೋಡಿ, "ಏನು ಹಾಕ್ತಿದ್ರಿ ಇವಕ್ಕೆ? ವಿಟಮಿನ್ ಸಿ ಇವುಗಳ ಮೈಯಾಗೆ ಹುಟ್ಟಲ್ಲ ರೀ, ನಮ್ಮಂಗೇ. ಸೊಪ್ಪು, ಹಣ್ಣಿಂದನೇ ಸಿಗ್ಬೇಕು. ದೊಡ್ಡವು ಸ್ವಲ್ಪ ದಿನ ತಡ್ಕಂತಾವೆ, ಬೆಳೆಯೋ ಮರಿ ತಡಿಯಲ್ಲ" ಅಂದರು.

"ದಿನಾ ಹಾಕ್ತೀನಲ್ಲ ಸಾರ್" ಅಂದೆ.

ಪಕ್ಕದಲ್ಲಿ ನಿಂತಿದ್ದ ಮಗಳು ಮೆಲ್ಲಗೆ ಬಾಯಿಬಿಟ್ಟಳು. "ನೀನು ಹೋದ ಮ್ಯಾಲೆ ಅಜ್ಜಿ ಎಲ್ಲಾ ತೆಗೆದು ಎಮ್ಮೆಗೆ ಹಾಕ್ತಾಳಮ್ಮ. ಇವಕ್ಕೆ ಮಂಡಕ್ಕಿ, ಒಣ ಬ್ರೆಡ್ಡು ಇಡ್ತಾಳೆ. ಬಾಣಂತಿಗೆ ಸೊಪ್ಪು ಆಗಲ್ಲಂತೆ."

ಡಾಕ್ಟರು ಬಾಯಿಗೆ ಬಿಡುವ ಹನಿ ಕೊಟ್ಟರು. ದೊಡ್ಡ ಮರಿ ಚೇತರಿಸಿಕೊಂಡಿತು. ಚಿಕ್ಕದು ನನ್ನ ಮಗಳ ಮಡಿಲಲ್ಲೇ ಸತ್ತಿತು. ಅತ್ತೆ ಬಂದು ನೋಡಿ, "ಕದ್ದು ಸೊಪ್ಪು ತಿನ್ನಿಸಿರ್ತೀಯ. ಥಂಡಿ ಆಗೈತೆ" ಅಂದರು. ಹಲ್ಲು ಕಚ್ಚಿಕೊಂಡು ಹಿತ್ತಲಲ್ಲಿ ಗುಂಡಿ ತೋಡಿದೆ. ಇರಲಿ, ನನಗೂ ಒಂದು ಕಾಲ ಬರುತ್ತದೆ ಅಂದುಕೊಂಡೆ.

ಬಂತು. ಆ ವರ್ಷವೇ ಅತ್ತೆಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಕಣ್ಣಿನ ಡಾಕ್ಟರು ನನಗೆ, "ಊಟಕ್ಕೇನೂ ಪಥ್ಯ ಇಲ್ಲಮ್ಮ, ಎಲ್ಲಾ ಕೊಡಿ" ಅಂದರು. ಮನೆಗೆ ಬಂದದ್ದೇ ಅತ್ತೆ ಕೇಳಿದರು: "ಪಥ್ಯ ಏನು ಹೇಳಿದ್ರು?"

"ನಿಮಗೆ ಗೊತ್ತಿಲ್ಲದ್ದು ಏನೈತೆ ಅತ್ತೆ? ನಂಗೆ ಹೆಂಗೆ ಮಾಡಿದ್ರೋ ಹಂಗೇ ಮಾಡ್ತೀನಿ ಬಿಡ್ರಿ" ಅಂದೆ.

ಮೆಣಸಿನ ಸಾರು, ಅನ್ನ, ಒಣ ಬ್ರೆಡ್ಡು. ತಟ್ಟೆ ಇಡುವಾಗ ಒಂದು ದಿನವೂ ನನ್ನ ಕೈ ಹಿಂಜರಿಯಲಿಲ್ಲ. ಅವರ ಮುಖ ಸಪ್ಪಗಾದಷ್ಟೂ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು.

ಒಂದು ಸಂಜೆ ಅವರ ಮಂಚದ ಎದುರಿಗೇ ಕೂತು, ಬದುಕುಳಿದ ಮರಿಗೆ ಪೇರಲ ಹೆಚ್ಚುತ್ತಿದ್ದೆ. ಬೇಕಂತಲೇ ಅಲ್ಲಿ ಕೂತಿದ್ದೆ. ವಾಸನೆಗೆ ಅತ್ತೆ ಕಪ್ಪು ಕನ್ನಡಕವನ್ನು ಈ ಕಡೆ ತಿರುಗಿಸಿದರು.

"ಆ ಮೊಲಕ್ಕೆ ಹಾಕೋದ್ರಾಗೆ ನಂಗೂ ಒಂದು ಚೂರು ಕೊಡವ್ವ. ಬಾಯೆಲ್ಲ ಕೆಟ್ಟೋಗೈತೆ."

"ಥಂಡಿ ಆಗ್ತೈತೆ ಅತ್ತೆ. ಬಾಯಿ ಚಪಲಕ್ಕೆ ಕಣ್ಣು ಕಳ್ಕಂತೀರೇನು?"

ಅವರಿಗೆ ನೆನಪಾಯಿತು. ಗೋಡೆಯ ಕಡೆ ತಿರುಗಿ ಮಲಗಿದರು. ಕೊನೆಯ ಹೋಳನ್ನೂ ಗೂಡಿನೊಳಗೆ ಹಾಕಿ, ದೇವರ ಮನೆಗೂ ಕೇಳಿಸುವ ಹಾಗೆ ಅಂದೆ:

"ತಿನ್ನು, ಹಂದಿ."