ಬೋಳು ಟೈರಿನ ಎರಾಸ್ತೊ

ಬೆಳಗಿನ ಐದೂಕಾಲು. ಕ್ವೀನ್ಸ್‌ನ ರೂಸ್‌ವೆಲ್ಟ್ ಅವೆನ್ಯೂದಲ್ಲಿ, ನೆತ್ತಿಯ ಮೇಲಿನ ರೈಲುಹಳಿಯಿಂದ ನಿನ್ನೆ ಮಧ್ಯಾಹ್ನ ತೊಟ್ಟಿಕ್ಕಿದ ಹಿಮದ ನೀರು ಈಗ ಕಲ್ಲಾಗಿ ರಸ್ತೆಯನ್ನು ಕಚ್ಚಿಕೊಂಡಿದೆ. ಬುದ್ಧಿ ಇರುವವರು ಅದನ್ನು ತಪ್ಪಿಸಿ ಹೋಗುತ್ತಾರೆ. ಎರಾಸ್ತೊ ಪುವಾಕ್ ಹುಡುಕಿಕೊಂಡು ಹೋಗಿ ಅದರ ಮೇಲೆಯೇ ಸ್ಕೂಟರ್ ಹತ್ತಿಸುತ್ತಾರೆ. ಐವತ್ತನಾಲ್ಕರ ಆಸಾಮಿ, ಎಡಸೊಂಟ ನೆಟ್ಟಗಿಲ್ಲ. ಎರಡೂ ಕಾಲು ಕೆಳಗೆ ಬಿಟ್ಟು, ಮುಂದಿನ ಬ್ರೇಕಿನಿಂದ ಬೆರಳು ತೆಗೆದು, ಹೆಲ್ಮೆಟ್ಟಿನ ಕೆಳಗಿನ ಉಣ್ಣೆಪಟ್ಟಿಯನ್ನು ಕಿವಿಯಿಂದ ಮೇಲೆ ಸರಿಸಿ, ನಡಿಗೆಯ ವೇಗದಲ್ಲಿ ಸಾಗುತ್ತಾರೆ. ಮೂಗು ಉದುರುವ ಚಳಿಯಲ್ಲಿ ಕಿವಿಯನ್ನೇಕೆ ತೆರೆದಿಡಬೇಕು ಎಂದರೆ, ಇವರ ಕೆಲಸವೆಲ್ಲ ನಡೆಯುವುದು ಕಿವಿಯಲ್ಲೇ.

"ಒದ್ದೆ ರಸ್ತೆ ಚರಚರ ಅನ್ನತ್ತೆ. ಹಿಮ ಕುರುಕುರು ಅನ್ನತ್ತೆ. ಚಕ್ರ ಸುಮ್ನಾಗೋಯ್ತು ಅನ್ಕೊಳಿ, ಆಗ ನೀವು ಗಾಜಿನ ಮೇಲಿದೀರ. ಕಣ್ಣಿಗೆ ಕಾಣಲ್ಲ ಅದು. ಬರೀ ಒದ್ದೆ ನೆಲದ ಥರ ಇರತ್ತೆ, ಹಾಳಾದ್ದು."

ಎಪ್ಪತ್ತನಾಲ್ಕನೇ ಬೀದಿಯ ರೈಲು ಮೆಟ್ಟಿಲ ಬಳಿ ಚಕ್ರ ಸುಮ್ಮನಾಗುತ್ತದೆ. ಸ್ಕೂಟರಿನ ಹಿಂಭಾಗ ಒಮ್ಮೆ ಬಲಕ್ಕೆ ಓಲಾಡಿ, ಅವರ ಬೂಟಿನ ಹಿಮ್ಮಡಿ ನೆಲಕ್ಕೆ ಒತ್ತಿದ ಮೇಲೆ ನಿಲ್ಲುತ್ತದೆ. ಎರಾಸ್ತೊ ಹಲ್ಲಿನಿಂದ ಕೈಗವಸು ಎಳೆದು ತೆಗೆದು ಫೋನಿಗೆ ಬಾಯಿ ಕೊಡುತ್ತಾರೆ. "ತೊಂಬತ್ತನೇ ಬೀದಿವರೆಗೆ ಮೆಲ್ಲಗೆ. ಎಂಬತ್ತೆರಡು, ಹೋಗಿ. ಎಪ್ಪತ್ತನಾಲ್ಕು, ಮೆಟ್ಟಿಲ ಕೆಳಗೆ, ಇಳೀರಿ. ಗಂಡಸ್ತನ ತೋರ್ಸೋಕೆ ಹೋಗ್ಬೇಡ್ರಪ್ಪಾ, ಇಳೀರಿ."

ಆ ಫೋನಿನ ಆಚೆ, ದನಿ ಸಂದೇಶದ ಒಂದು ಗುಂಪಿನಲ್ಲಿ, ಮುನ್ನೂರ ನಲವತ್ತು ಜನ ಇದ್ದಾರೆ. ಎಲ್ಲರೂ ಬ್ಯಾಟರಿ ಸ್ಕೂಟರಿನಲ್ಲಿ ಊಟ ತಲುಪಿಸಿ ಹೊಟ್ಟೆ ಹೊರೆಯುವವರು. ಗ್ವಾಟೆಮಾಲಾದವರು, ಮೆಕ್ಸಿಕೊದವರು, ಬಾಂಗ್ಲಾದವರು. ಭಾಷೆ ಬೇರೆ ಬೇರೆಯಾದ್ದರಿಂದ ಎರಾಸ್ತೊ ತೀರ್ಪಿಗೆ ಮೂರೇ ಮಾತು ಇಟ್ಟುಕೊಂಡಿದ್ದಾರೆ: ಹೋಗಿ, ಮೆಲ್ಲಗೆ, ಇಳೀರಿ. ಹಾಸಿಗೆ ಬಿಟ್ಟೇಳುವ ಮುನ್ನ ಎಲ್ಲರೂ ಇದನ್ನು ಕೇಳುತ್ತಾರೆ. ಇದಕ್ಕೆ ಅವರಿಟ್ಟ ಹೆಸರು ಜಾರುಬಂಡೆ ರೇಡಿಯೊ. ಡಿಸೆಂಬರಿನಿಂದ ಮಾರ್ಚಿನವರೆಗೆ, ಹಿಮ ಬಿದ್ದ ಮರುದಿನಗಳಲ್ಲಿ, ಹನ್ನೊಂದು ಮೈಲಿ ದಾರಿಯಲ್ಲಿ ನಲವತ್ತಾರು ಕಡೆ ಅವರು ಹೀಗೆ ಸ್ಕೂಟರ್ ಓಡಿಸಿ ನೋಡುತ್ತಾರೆ. ಆಮೇಲೆ ಏಳು ಗಂಟೆಗೆ ಬೇಕರಿಯ ಬ್ರೆಡ್ ಹಂಚುವ ಹೊಟ್ಟೆಪಾಡಿನ ಕೆಲಸ. ಈ ಬೆಳಗಿನ ಚಾಕರಿ ಯಾರೂ ಹೇಳಿ ಮಾಡಿಸಿದ್ದಲ್ಲ.

ಹತ್ತೊಂಬತ್ತು ವರ್ಷದ ಹಿಂದೆ ಗ್ವಾಟೆಮಾಲಾದ ತೊತೊನಿಕಪಾನಿನ ಗುಡ್ಡದಿಂದ ಬಂದ ಎರಾಸ್ತೊ ಈ ರೇಡಿಯೊ ಶುರುಮಾಡಿದ್ದು ಒಂದೇ ಕೋಣೆಯಲ್ಲಿ ಬ್ಯಾಟರಿ ಚಾರ್ಜ್ ಮಾಡುತ್ತಿದ್ದ ಆರು ಜನರಿಗಾಗಿ. ಆಗ ಅವರ ಸ್ಕೂಟರ್ ಹೀಗಿರಲಿಲ್ಲ. ಟೈರಿನ ಒಳಗಿನಿಂದ ಗಿಡ್ಡ ಸ್ಕ್ರೂಗಳನ್ನು ತಿರುಗಿಸಿ, ತುದಿ ಹೊರಗೆ ಬರುವಂತೆ ಮಾಡಿಕೊಂಡಿದ್ದರು. ಒಂದೊಂದು ಟೈರಿಗೆ ನೂರ ನಲವತ್ತು. ಬೆಕ್ಕಿನ ಉಗುರಿನ ಹಾಗೆ ಅದು ಮಂಜುಗಡ್ಡೆಯನ್ನು ಪರಚಿ ಹಿಡಿಯುತ್ತಿತ್ತು. ಆ ಟೈರು ನೋಡಲು ಜನ ಬರುತ್ತಿದ್ದರು, ಎರಾಸ್ತೊ ಮೀಸೆ ತಿರುವುತ್ತಿದ್ದರು.

ಎರಡು ವರ್ಷದ ಹಿಂದಿನ ಜನವರಿ. ಅವರು ಎಂದಿನಂತೆ ಕ್ವೀನ್ಸ್‌ಬರೊ ಸೇತುವೆ ದಾಟಿದರು. ಚಕ್ರ ಎಲ್ಲೂ ಓಲಾಡಲಿಲ್ಲ. "ಸೇತುವೆ, ಹೋಗಿ" ಎಂದರು. ಒಂದು ಗಂಟೆಯ ನಂತರ ಅದೇ ಸೇತುವೆಯ ಆಚೆಯ ಇಳಿಜಾರಿನಲ್ಲಿ ಮಾರ್ಸೆಲಿನೊ ಇಶ್ಕೋಯ್ ಜಾರಿದ. ಇಪ್ಪತ್ತೊಂಬತ್ತು ವರ್ಷ, ಆ ಮೊದಲಿನ ಆರು ಜನರಲ್ಲಿ ಒಬ್ಬ. ತಲೆ ಕಂಬಿಗೆ ಬಡಿಯಿತು, ಮೂರನೇ ದಿನ ಹೋಗಿಬಿಟ್ಟ. ದೇಹವನ್ನು ಊರಿಗೆ ಕಳಿಸಿದರು. ಸೇತುವೆಯ ಮೇಲೆ ಅಂದು ಬೆಳಗ್ಗೆ ಐದೂವರೆಗೂ ಮಂಜುಗಡ್ಡೆ ಇತ್ತು, ಆರೂವರೆಗೂ ಇತ್ತು. ಎರಾಸ್ತೊ ಅವರ ನೂರ ನಲವತ್ತು ಉಗುರಿಗೆ ಅದು ತಿಳಿಯಲಿಲ್ಲ, ಅಷ್ಟೇ. ಮಾರ್ಸೆಲಿನೊನ ಟೈರಿನಲ್ಲಿ ಗೀರು ಅಂತ ಒಂದಿರಲಿಲ್ಲ. ದಿನಕ್ಕೆ ಐವತ್ತು ಮೈಲಿ ಓಡುವ ಟೈರು ಚಳಿಗಾಲದ ಹೊತ್ತಿಗೆ ಬೋಳಾಗುತ್ತದೆ, ವಸಂತ ಬರಲಿ ನೋಡೋಣ ಎಂದು ಎಲ್ಲರೂ ಎಳೆಯುತ್ತಾರೆ.

"ನಾನು ಸುಳ್ಳು ಹೇಳ್ಲಿಲ್ಲ," ಎನ್ನುತ್ತಾರೆ ಎರಾಸ್ತೊ. "ಆದ್ರೆ ನಾನು ಹೇಳಿದ್ದು ನನ್ನ ಟೈರಿನ ಸತ್ಯ. ಅವ್ನು ಸತ್ತಿದ್ದು ಅವನ ಟೈರಿನ ಮೇಲೆ."

ತಿಂಗಳು ಕಳೆದ ಮೇಲೆ ಮಾರ್ಸೆಲಿನೊನ ಅಣ್ಣ ಲಿಯಾಂದ್ರೊ ಎರಾಸ್ತೊ ಅವರ ನೆಲಮಾಳಿಗೆಯ ಮನೆಗೆ ಬಂದ. ಅವನೂ ಸ್ಕೂಟರ್ ಓಡಿಸುವವನೇ. ಒಳಗೆ ಬರಲಿಲ್ಲ, ಕೊಟ್ಟ ಬಿಸಿ ಜೋಳದ ಗಂಜಿ ಮುಟ್ಟಲಿಲ್ಲ. ತಮ್ಮನ ಸ್ಕೂಟರಿನಿಂದ ಬಿಚ್ಚಿದ ಹಿಂದಿನ ಟೈರನ್ನು ಹೊಸಿಲಿಗೆ ಎಸೆದ. "ಇದನ್ನ ಹಾಕ್ಕೊಂಡು ಹೋಗಿ ನೋಡು. ಆಮೇಲೆ ಬೊಗಳು, ಹೋಗಿ ಅಂತ." ಅವನು ಎರಾಸ್ತೊ ಜೊತೆ ಆಡಿದ ಕೊನೆಯ ಮಾತು ಅದು.

ಎರಾಸ್ತೊ ಹಾಕಿಕೊಂಡರು. ಸ್ಕ್ರೂ ಟೈರನ್ನು ಅಂದೇ ಕಸಕ್ಕೆ ಎಸೆದರು. ಅಲ್ಲಿಂದೀಚೆ ಪ್ರತಿ ಚಳಿಗಾಲದ ಬೆಳಗ್ಗೆ ಸತ್ತವನ ಟೈರಿನ ಮೇಲೆ ರಸ್ತೆ ಪರೀಕ್ಷೆ ನಡೆಯುತ್ತಿದೆ. ಗುಂಪಿನಲ್ಲಿ ಅತಿ ಕೆಟ್ಟ ಟೈರು ಯಾರದ್ದೋ ಅವನು ಬೀಳುವ ಜಾಗದಲ್ಲಿ ತಾನು ಮೊದಲು ಬೀಳಬೇಕು ಎಂಬುದು ಲೆಕ್ಕಾಚಾರ. ಎರಡು ಚಳಿಗಾಲಕ್ಕೆ ಹನ್ನೊಂದು ಸಲ ಬಿದ್ದಿದ್ದಾರೆ. ಮಣಿಕಟ್ಟು ಮುರಿದಿದೆ, ಎರಡು ಪಕ್ಕೆಲುಬು ಬಿರಿದಿವೆ. ಎಡಸೊಂಟದ ಮೂಳೆಯಲ್ಲಿ ಕೂದಲೆಳೆಯಷ್ಟು ಸೀಳಿದೆ, ಇನ್ನೊಮ್ಮೆ ಜೋರಾಗಿ ಬಿದ್ದರೆ ಎದ್ದು ನಡೆಯುವ ಆಸೆ ಬಿಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದಾರೆ.

ಅದನ್ನು ಕೇಳಿಸಿಕೊಂಡವರು ಹೆಂಡತಿ ಹಿಲಾರಿಯಾ ಒಬ್ಬರೇ. ಹಗಲೆಲ್ಲ ಲಾಂಡ್ರಿಯಲ್ಲಿ ಬೇರೆಯವರ ಹಾಸಿಗೆ ಹೊದಿಕೆ ಮಡಚಿ ಬಂದು, ಸಂಜೆ ಗಂಡನ ಸೊಂಟಕ್ಕೆ ಎಣ್ಣೆ ತಿಕ್ಕುತ್ತಾರೆ. ತಿಕ್ಕುತ್ತಲೇ ಬೈಯುತ್ತಾರೆ. "ನಾಳೆ ಸೊಂಟ ಮುರ್ಕೊಂಡು ಬಿದ್ರೆ ಆ ಮುನ್ನೂರು ಜನ ಬಂದು ನಿನ್ನ ಕಕ್ಕಸಿಗೆ ಎತ್ಕೊಂಡು ಹೋಗ್ತಾರೇನು? ಒಳ್ಳೇ ಟೈರ್ ಹಾಕ್ಕೊ, ಇಲ್ಲಾಂದ್ರೆ ಬಾಯಿ ಮುಚ್ಕೊಂಡು ಮಲಗು."

"ಒಳ್ಳೇ ಟೈರ್ ಹಾಕ್ಕೊಂಡು ಹೇಳಿದ್ದಕ್ಕೇ ಅಲ್ವೇನೇ ಅವ್ನು ಹೋಗಿದ್ದು."

"ಅವ್ನು ಹೋದ. ನೀನೂ ಹೋದ್ರೆ ಲೆಕ್ಕ ಸರಿಹೋಗತ್ತಾ?"

ಬೆಳಗಿನ ನಾಲ್ಕೂವರೆಗೆ ಎದ್ದು ಗಂಡನ ಮಂಡಿಗೆ ಹಳೆ ಕಂಬಳಿಯ ತುಂಡು ಸುತ್ತಿ ಕಟ್ಟುವವರೂ ಹಿಲಾರಿಯಾ ಅವರೇ.

ಈವತ್ತು ಆರು ಗಂಟೆಗೆ ಸೇತುವೆ. ಕೆಳಗೆ ಮಣ್ಣಿಲ್ಲ, ಬರೀ ಗಾಳಿ, ಹಾಗಾಗಿ ಊರಿನ ರಸ್ತೆಗಿಂತ ಸೇತುವೆ ಮೊದಲು ಹೆಪ್ಪುಗಟ್ಟುತ್ತದೆ. ಸೈಕಲ್ ದಾರಿಗೆ ಉಪ್ಪು ಎರಚಿದ ಗುರುತಿದೆ. ಎರಾಸ್ತೊ ಅದನ್ನು ನಂಬುವುದಿಲ್ಲ. ಏರು ಮುಗಿದು ಇಳಿಜಾರು ಶುರುವಾಗುವಲ್ಲಿ ಚಕ್ರ ಒಮ್ಮೆಲೇ ಮೌನವಾಗುತ್ತದೆ. ಸ್ಕೂಟರ್ ಅಡ್ಡಡ್ಡ ತಿರುಗುತ್ತದೆ. ಅವರು ಹ್ಯಾಂಡಲ್ ಬಿಟ್ಟು ಬಲಕ್ಕೆ ಉರುಳುತ್ತಾರೆ. ಎಡಕ್ಕೆ ಬೀಳದಂತೆ ಬೀಳುವುದನ್ನು ಈ ಎರಡು ವರ್ಷದಲ್ಲಿ ಕಲಿತಿದ್ದಾರೆ. ಕಂಬಿಯವರೆಗೂ ಜಾರಿಹೋಗಿ ನಿಲ್ಲುತ್ತಾರೆ. ಸ್ವಲ್ಪ ಹೊತ್ತು ಆಕಾಶ ನೋಡುತ್ತಾ ಬಿದ್ದಿರುತ್ತಾರೆ. ಏಳುವ ಮೊದಲು ಫೋನು ತೆಗೆಯುತ್ತಾರೆ. "ಸೇತುವೆ, ಇಳೀರಿ. ಬಿದ್ದಲ್ಲಿಂದ್ಲೇ ಹೇಳ್ತಿದೀನಿ. ಆ ಕಡೆ ಇಳಿಜಾರು ಪೂರ್ತಿ. ಇಳೀರಿ." ಮೂರನೇ ಪ್ರಯತ್ನಕ್ಕೆ ಏಳಲು ಆಗುತ್ತದೆ.

"ಇಳೀರಿ" ಎಂದ ದಿನ ಅವರು ಬೇಕರಿಗೆ ತಡವಾಗಿ ಹೋಗುತ್ತಾರೆ, ಯಜಮಾನನ ಬೈಗುಳ ತಿನ್ನುತ್ತಾರೆ. ಏರಿನ ತಲೆಯಲ್ಲಿ ಕಂಬಿಗೆ ಒರಗಿ ನಿಂತು, ಬರುವವರನ್ನು ಕಾಯುತ್ತಾರೆ. ಏಳು ಗಂಟೆಗೆ ಒಬ್ಬೊಬ್ಬರೇ ಬಂದು ಇಳಿಯುತ್ತಾರೆ, ಸ್ಕೂಟರ್ ತಳ್ಳುತ್ತಾರೆ, ಬಾಯಿಗೆ ಬಂದಂತೆ ಗೊಣಗುತ್ತಾರೆ, ಹಿರಿಯರಿಗೆ ಕೊಡುವ ದೋನ್ ಎಂಬ ಮರ್ಯಾದೆ ಮಾತ್ರ ಬಿಡದೆ.

"ಏನ್ ದೋನ್ ಎರಾಸ್ತೊ, ನಿಮ್ಮ ಬಾಯಲ್ಲಿ ಒಂದಿನಾನೂ ಒಳ್ಳೇ ಮಾತು ಬರಲ್ವಾ?"

"ಏಪ್ರಿಲ್‌ನಲ್ಲಿ ಬಾ, ಒಳ್ಳೇ ಮಾತೇ ಹೇಳ್ತೀನಿ. ಈಗ ತಳ್ಳು."

ಎಲ್ಲರೂ ಇಳಿಯುವುದಿಲ್ಲ. ಊಟ ತಲುಪಿಸುವುದು ತಡವಾದರೆ ಕಂಪನಿಯ ಆ್ಯಪ್‌ನಲ್ಲಿ ಕೆಂಪು ಗುರುತು ಬೀಳುತ್ತದೆ, ನಾಳೆ ಕೆಲಸ ಕಡಿಮೆ ಸಿಗುತ್ತದೆ. ಒಬ್ಬ ಬಗ್ಗಿಕೊಂಡು ಸರ್ರನೆ ಹಾದುಹೋಗುತ್ತಾನೆ. "ಲೇ, ಇಳಿಯೋ! ನಿಮ್ಮಮ್ಮನಿಗೆ ಯಾರೋ ಫೋನ್ ಮಾಡೋದು?" ಎಂದು ಎರಾಸ್ತೊ ಕಿರುಚುತ್ತಾರೆ. ಅವನ ಹಿಂದಿನ ದೀಪ ತಿರುವಿನಲ್ಲಿ ಮರೆಯಾಗುವವರೆಗೂ ಕಂಬಿ ಬಿಗಿಹಿಡಿದು ನೋಡುತ್ತಾರೆ. ಅವನು ಬೀಳಲಿಲ್ಲ. ಈವತ್ತು ಬೀಳಲಿಲ್ಲ.

ಏಳೂ ಇಪ್ಪತ್ತಕ್ಕೆ ಲಿಯಾಂದ್ರೊ ಬರುತ್ತಾನೆ. ಎರಾಸ್ತೊ ನಿಂತಿರುವುದನ್ನು ದೂರದಿಂದಲೇ ನೋಡಿ ಮುಖ ಗಂಟಿಕ್ಕುತ್ತಾನೆ. ಆದರೂ ಇಳಿಯುತ್ತಾನೆ. ಹ್ಯಾಂಡಲ್ ಹಿಡಿದು, ಪಾದ ಅಗಲಿಸಿ ಊರುತ್ತಾ, ಕೈಯಳತೆಯಲ್ಲಿ ಹಾದುಹೋಗುತ್ತಾನೆ. ದೃಷ್ಟಿ ನೆಲ ಬಿಟ್ಟು ಮೇಲೇಳುವುದಿಲ್ಲ. ಪಕ್ಕಕ್ಕೆ ಉಗಿದು ಮುಂದೆ ಸಾಗುತ್ತಾನೆ. ಮಾರ್ಸೆಲಿನೊ ಬಿದ್ದ ಜಾಗ ದಾಟಿ ಆಚೆ ತುದಿ ತಲುಪುವವರೆಗೂ ಎರಾಸ್ತೊ ಅವನ ಬೆನ್ನನ್ನೇ ನೋಡುತ್ತಿರುತ್ತಾರೆ.

ಒಂದಲ್ಲ ಒಂದು ದಿನ ಅವನು ಕ್ಷಮಿಸಿ ಮಾತಾಡಿಸಲಿ ಅಂತ ಆಸೆ ಇಲ್ಲವೇ ಎಂದು ಕೇಳಿದರೆ, ಎರಾಸ್ತೊ ಮಂಡಿಯ ಕಂಬಳಿ ತುಂಡನ್ನು ಬಿಗಿದು ಕಟ್ಟಿಕೊಳ್ಳುತ್ತಾ ತಲೆ ಅಡ್ಡಡ್ಡ ಆಡಿಸುತ್ತಾರೆ.

"ಮಾತಾಡ್ಸೋದು ಬೇಡ. ನನ್ನ ಬೈಕೊಂಡೇ ಅವ್ನು ಮುದುಕ ಆಗ್ಲಿ. ಅಷ್ಟೇ ನನ್ನ ಆಸೆ."